ಒತ್ತು ಬಿದ್ದ ಜಾಗ

ಫೆಬ್ರವರಿ 4

ಪ್ರೀತಿಯ ಚಿಕ್ಕಮ್ಮ,

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕೆಲಸ ಬಿದ್ದಾಗಲೇ ನನಗೆ ನಿನ್ನ ನೆನಪಾಗುವುದು. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅಮ್ಮನನ್ನು ಕೇಳಿದರೆ, "ಅವಳಿಗೆ ಫೋನಂದ್ರೆ ಆಗಲ್ಲ ಕಣೇ, ಕಾಗದ ಬರಿ" ಅಂದಳು. ಅದಕ್ಕೇ ಈ ಕಾಗದ.

ನಮ್ಮ ಆರೈಕೆ ಮನೆಗೆ ಹೊಸದಾಗಿ ಒಬ್ಬ ಅಜ್ಜಿ ಬಂದಿದ್ದಾರೆ. ಜೀವಮಾನವಿಡೀ ಹೆಂಗಸರ ಟೋಪಿ ಮಾಡಿ ಮಾರಿದವರು, ಹಾಗಾಗಿ ನಮಗೆಲ್ಲ ಟೋಪಿ ಅಜ್ಜಿ. ಲಕ್ವ ಹೊಡೆದು ಬಲಗೈ ಹೋಗಿದೆ, ಜೊತೆಗೆ ಮಾತೂ ಹೋಗಿದೆ. ಮದುವೆಯಾಗಿ ಬಂದಾಗಿನಿಂದ ಆಡಿದ ಈ ಊರಿನ ಮಾತು ಒಂದಕ್ಷರ ಉಳಿದಿಲ್ಲ. ತವರಿನ ಇಟಾಲಿಯನ್ ಮಾತ್ರ, ಅದೂ ಒಂದೊಂದೇ ಪದ, ಬಾಯಿಗೆ ಬರುತ್ತದೆ. "ಅಕ್ವಾ" ಅಂದರೆ ನೀರು ಅಂತ ನನಗೂ ತಿಳಿದುಹೋಗಿದೆ.

ಭಾನುವಾರ ಮಗ ಬರುತ್ತಾರೆ. ಬಸ್ ಓಡಿಸುವವರು, ನಾನು ಡ್ರೈವರಣ್ಣ ಅನ್ನುತ್ತೇನೆ. ಅವರಿಗೆ ಅಮ್ಮನ ಭಾಷೆ ಬರುವುದಿಲ್ಲ. ಮೊದಲ ಮಗಳಿಗೆ ಕಲಿಸಿದ್ದರಂತೆ. ಮನೆಯಲ್ಲಿ ಬೇರೆ ಭಾಷೆ ಆಡಿದರೆ ಮಕ್ಕಳು ಹಿಂದೆ ಬೀಳುತ್ತಾರೆ ಅಂತ ಶಾಲೆಯವರು ಹೇಳಿದ ಮೇಲೆ, ಇವರು ಹುಟ್ಟುವ ಹೊತ್ತಿಗೆ ನಿಲ್ಲಿಸಿಬಿಟ್ಟರಂತೆ. "ಅಮ್ಮ, ಅಕ್ಕ ಅಡುಗೆಮನೇಲಿ ಏನೋ ಮಾತಾಡ್ಕೊಂಡು ನಗ್ತಿದ್ರು ಸಿಸ್ಟರ್. ನಾನು ಬಾಗಿಲಲ್ಲಿ ನಿಂತು ಪಿಳಿಪಿಳಿ ನೋಡ್ತಿದ್ದೆ" ಅಂದರು.

ಅವರು ಬಂದು ಕುರ್ಚಿಯಲ್ಲಿ ಕುಳಿತರೆ ಸಾಕು, ಅಜ್ಜಿ ಅವರತ್ತ ಎಡಗೈ ಎತ್ತಿ ಒಂದೇ ಪದ ಹೇಳುತ್ತಾರೆ: "ಪೆರ್ದೊನೊ." ಮತ್ತೆ ಮತ್ತೆ. ಬೇರೆ ದಿನ ಈ ಪದ ಇಲ್ಲ. ಅದರ ಅರ್ಥ ಏನು? ಡ್ರೈವರಣ್ಣ ಪ್ರತಿವಾರ ಕೇಳುತ್ತಾರೆ, ನಾನು ಪ್ರತಿವಾರ ತಲೆ ಕೆರೆದುಕೊಳ್ಳುತ್ತೇನೆ.

ನಿನ್ನ ಗುಬ್ಬಚ್ಚಿ

ಫೆಬ್ರವರಿ 13

ಗುಬ್ಬಚ್ಚೀ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಆದರೂ ಸಂತೋಷ. ಸಂಗೀತ ಶಾಲೆಯಲ್ಲಿ ಹಾಡುವವರಿಗೆ ಇಟಾಲಿಯನ್ ಉಚ್ಚಾರ ಕಲಿಸುವುದನ್ನು ಬಿಟ್ಟ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ನಮ್ಮಲ್ಲಿ ಒತ್ತು ಎಂದರೆ ಅಕ್ಷರದ ಕಾಲಡಿಗೆ ಬರೆಯುವುದು. ಅವರಲ್ಲಿ ಒತ್ತು ಎಂದರೆ ಉಸಿರು ಊರುವ ಜಾಗ. ಪದ ಒಡೆಯುವ ರೀತಿಯೂ ಬೇರೆ. ನೀನು ಬರೆದದ್ದನ್ನು ನಮ್ಮ ಲಿಪಿ ಪೆ, ರ್ದೊ, ನೊ ಎಂದು ಒಡೆಯುತ್ತದೆ. ಅವರ ಬಾಯಿ ಪೆರ್, ದೊ, ನೊ ಎಂದು ಒಡೆಯುತ್ತದೆ. ಮೂರು ತುಂಡು. ನಡುವಿನ ತುಂಡಿನ ಮೇಲೆ ಉಸಿರು ಊರಿದರೆ "ಕ್ಷಮಿಸುತ್ತೇನೆ". ಮೊದಲ ತುಂಡಿನ ಮೇಲೆ ಊರಿದರೆ "ಕಳೆದುಕೊಳ್ಳುತ್ತಾರೆ". ಕ್ರಿಯಾಪದವೇ ಬೇರೆ. ಒಂದರಲ್ಲಿ "ನಾನು" ಇದ್ದೇನೆ, ಇನ್ನೊಂದರಲ್ಲಿ "ಅವರು" ಇದ್ದಾರೆ. ಬರವಣಿಗೆಯಲ್ಲಿ ಮಾತ್ರ ಎರಡೂ ತದ್ರೂಪ. ನನ್ನ ಹಾಡುಗಾರರು ಇಂಥ ಕಡೆಯೇ ಎಡವುತ್ತಿದ್ದರು. "ಪಾರ್ಲೊ" ಅಂದರೆ ಮಾತಾಡುತ್ತೇನೆ. ಅದೇ ಪದದ ಭಾರವನ್ನು ಕೊನೆಗೆ ತಳ್ಳಿದರೆ ಅವನು ಮಾತಾಡಿದ ಎಂದಾಗುತ್ತದೆ. ಅಷ್ಟಕ್ಕೇ ನಾನು ಹೋಗಿ ಅವನು, ಇವತ್ತು ಹೋಗಿ ಎಂದೋ! ಅವರ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದೇನೆ.

ಹಾಗಾಗಿ ನೀನು ಕಿವಿಗೊಟ್ಟು ಕೇಳಿ, ಭಾರ ಎಲ್ಲಿ ಬಿತ್ತು ಎಂದು ಬರೆ. ಒಂದು ಎಚ್ಚರಿಕೆ. ಶಾಲೆಯ ಛಂದಸ್ಸಿನ ಪಾಠ ನೆನಪಿದೆಯಾ, ಒತ್ತಕ್ಷರದ ಹಿಂದಿನದು ಗುರು? ಆ ಚಾಳಿಗೆ "ಪೆರ್" ನಮ್ಮ ಕಿವಿಗೆ ಯಾವಾಗಲೂ ಭಾರವಾಗಿಯೇ ಕೇಳುತ್ತದೆ. ಅದಕ್ಕೆ ಮೋಸ ಹೋಗಬೇಡ. ಆ ಭಾಷೆಯಲ್ಲಿ ಹೆಚ್ಚಿನ ಪದಗಳಿಗೆ ಭಾರ ಬೀಳುವುದು ಕೊನೆಯಿಂದ ಎರಡನೆಯದರ ಮೇಲೆ.

ಧ್ವನಿ ಮುದ್ರಿಸಿ ಕಳಿಸಬೇಡ. ನನ್ನ ಫೋನು ಮುದಿಯಾಗಿದೆ, ಬರೀ ಗೊರಗೊರ ಅನ್ನುತ್ತದೆ.

ಚಿಕ್ಕಮ್ಮ

ಫೆಬ್ರವರಿ 24

ಚಿಕ್ಕಮ್ಮ,

ಎರಡನೆಯದರ ಮೇಲೆ! ಕ್ಷಮಿಸುತ್ತೇನೆ!

ನಿನ್ನೆ ಭಾನುವಾರ ಕಿವಿ ನೆಟ್ಟು ಕೂತಿದ್ದೆ. ಬೇಡ ಅಂದರೂ ಫೋನಿನಲ್ಲಿ ಮುದ್ರಿಸಿ ನಿನಗೂ ಕಳಿಸಿದ್ದೇನೆ, ಗೊರಗೊರ ಅಂದರೂ ಒಮ್ಮೆ ಕೇಳು. ಆಮೇಲೆ ಹೊರಗಡೆ ಪಡಸಾಲೆಯಲ್ಲಿ ಡ್ರೈವರಣ್ಣನಿಗೆ ಹೇಳಿದೆ. ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತುಬಿಟ್ಟರು.

"ಸರಿಯಾಗಿ ಕೇಳಿಸ್ಕೊಂಡ್ರಾ ಸಿಸ್ಟರ್?"

"ಕೇಳಿಸ್ಕೊಂಡೆ ಅಣ್ಣ. ನಮ್ಮ ಚಿಕ್ಕಮ್ಮ ಅದನ್ನೇ ಪಾಠ ಮಾಡಿದೋರು."

ಆಗ ಹೇಳಿದರು. ಅವರ ಅಕ್ಕನಿಗೆ ಮೆದುಳಿನಲ್ಲಿ ರಕ್ತನಾಳ ಒಡೆದು ಆಸ್ಪತ್ರೆಯಲ್ಲಿದ್ದಾಗ, ಅಜ್ಜಿ ತಮ್ಮ ತಾಯಿಯ ಮಣ್ಣಿಗೆಂದು ತವರಿಗೆ ಹೋಗಿದ್ದರಂತೆ. "ಇನ್ನು ಏನೂ ಇಲ್ಲ, ಮೆಷಿನ್ ತೆಗೀಬಹುದಾ ಅಂತ ಡಾಕ್ಟರ್ ಕೇಳಿದ್ರು. ಹೂಂ ಅಂದೆ. ಅಮ್ಮ ಬರೋವರೆಗೂ ತಡೀರಿ ಅನ್ಬೇಕು ಅಂತ ನಂಗೆ ಹೊಳೀಲೇ ಇಲ್ಲ ಸಿಸ್ಟರ್. ಅಮ್ಮ ಮಾರನೇ ದಿನ ಬಂದ್ಳು." ಅಜ್ಜಿ ಬೈಯಲಿಲ್ಲವಂತೆ. ಅವತ್ತಿನಿಂದ ಮಗನ ಜೊತೆ ಮನೆಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಬಲ್ಬು ಹೋಗಿದೆ, ಬಾಗಿಲು ಕಿರ್ ಅಂತಿದೆ, ಗ್ಯಾಸ್ ತರಬೇಕು. ಅಷ್ಟೇ.

ಹೋಗುವಾಗ ಅವರ ಹೆಜ್ಜೆಯೇ ಬೇರೆಯಾಗಿತ್ತು. ನನಗೂ ಅವತ್ತು ಕೆಲಸ ಹಗುರ ಅನ್ನಿಸಿತು.

ಗುಬ್ಬಚ್ಚಿ

ಮಾರ್ಚ್ 3

ಗುಬ್ಬಚ್ಚೀ,

ಕಾಗದವನ್ನು ಎರಡು ಸಲ ಓದಿದೆ. ನೀನು ಒಬ್ಬರ ಎದೆಯ ಕಲ್ಲು ಇಳಿಸಿದ್ದೀಯ. ಆದರೂ ನಾಲ್ಕು ದಿನ ತಡೆದಿದ್ದರೆ ಚೆನ್ನಾಗಿತ್ತು. ಇರಲಿ, ಆಡಿದ ಮಾತು ಒಡೆದ ಮುತ್ತು, ಕೂಡಿಸಲು ಬರುವುದಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಕೆಳಗಿನ ಅಂಗಡಿಯ ದರ್ಜಿ ವಿಚಿತ್ರ ಮನುಷ್ಯ. ಈಗೀಗ ಬಾಗಿಲು ತಟ್ಟುವುದೇ ಇಲ್ಲ, ಒಳಗೆ ಬಂದು ದೀಪ ಹಾಕಿ ಆರಿಸಿ ತಾನು ಬಂದಿದ್ದೇನೆಂದು ತಿಳಿಸುತ್ತಾನೆ. ಅವನ ಹೊಲಿಗೆ ಯಂತ್ರ ಓಡುವುದು ನನಗೆ ಅಂಗಾಲಿನಲ್ಲೇ ಗೊತ್ತಾಗುತ್ತದೆ.

ಚಿಕ್ಕಮ್ಮ

ಮರೆತೆ: ಆ ಪದದ ಹಿಂದೆ "ತಿ" ಎಂಬ ಸಣ್ಣ ಸದ್ದೇನಾದರೂ ಇತ್ತಾ? ನಿನ್ನನ್ನು ಎಂಬುದಕ್ಕೆ ಅವರು ಹಾಗೆ ಸೇರಿಸುತ್ತಾರೆ. ಸುಮ್ಮನೆ ಕೇಳಿದೆ.

ಮಾರ್ಚ್ 29

ಚಿಕ್ಕಮ್ಮ,

"ತಿ" ಇರಲಿಲ್ಲ. ನೀನು ಅದನ್ನು ಕಾಗದದ ಬಾಲದಲ್ಲಿ ಸಿಕ್ಕಿಸದೆ ನೆತ್ತಿಯಲ್ಲಿ ಬರೆದಿದ್ದರೆ ನಾನು ಆಗಲೇ ಎಚ್ಚೆತ್ತುಕೊಳ್ಳುತ್ತಿದ್ದೆನೇನೋ.

ಆಗಿದ್ದನ್ನು ಹೇಳುತ್ತೇನೆ. ಕ್ಷಮೆ ಸಿಕ್ಕಿತು ಅಂತ ಡ್ರೈವರಣ್ಣ ಮರುವಾರ ಅಕ್ಕನ ಫೋಟೋ ತಂದರು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಹೊರಗೆ ತೆಗೆಯದಿದ್ದ ಫೋಟೋ. ಅಜ್ಜಿಯ ಎಡಗೈಗೆ ಕೊಟ್ಟು, "ಇನ್ಮೇಲೆ ಅಕ್ಕನ ಬಗ್ಗೆ ಮಾತಾಡಣಮ್ಮ" ಅಂದರು. ಅಜ್ಜಿ ಒಮ್ಮೆ ನೋಡಿದರು. ಫೋಟೋ ಜಾರಿ ಹಾಸಿಗೆಯಿಂದ ಕೆಳಗೆ ಬಿತ್ತು. ಮುಖ ಗೋಡೆಗೆ ತಿರುಗಿಸಿದರು. ಆ ವಾರವಿಡೀ ಒಂದು ಚಮಚ ಸೂಪು ಒಳಗೆ ಹೋಗಲಿಲ್ಲ, ಮೂಗಿಗೆ ನಳಿಕೆ ಹಾಕಬೇಕಾಯಿತು. "ನೀನು ನರ್ಸ್ ಕೆಲಸ ಮಾಡಮ್ಮ, ದುಭಾಷಿ ಕೆಲಸ ಬೇಡ" ಅಂತ ಮೇಲ್ವಿಚಾರಕಿ ಎಲ್ಲರ ಮುಂದೆ ಅಂದರು. ನನ್ನನ್ನು ಹದಿನೈದು ದಿನ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.

ಮೊನ್ನೆ ಭಾನುವಾರ ವಾಪಸ್ ಬಂದೆ. ಡ್ರೈವರಣ್ಣ ಇನ್ನೂ ಬಂದಿರಲಿಲ್ಲ, ಕುರ್ಚಿ ಖಾಲಿ ಇತ್ತು. ಚಾವಣಿಯ ಗಾರೆ ದೊಪ್ಪನೆ ಕಳಚಿ ಅದೇ ಕುರ್ಚಿಯ ಮೇಲೆ ಬಿತ್ತು, ಹಿಂದೆಯೇ ನೀರು. ಭಾನುವಾರ ಮೇಲಿನ ಮಹಡಿಯವರಿಗೆಲ್ಲ ಸ್ನಾನ. ಪೈಪು ಒಳಗೊಳಗೇ ಸೋರುತ್ತಿತ್ತು. ಒದ್ದೆಯ ಕಲೆ ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ದಿನವಿಡೀ ಅಂಗಾತ ಮಲಗಿ ಚಾವಣಿ ನೋಡುವವರಿಗೆ ಕಂಡಿತ್ತು. ಅಜ್ಜಿ ಎಡಗೈ ಎತ್ತಿ ಸ್ಪಷ್ಟವಾಗಿ, "ತೂಬಿ. ತೂಬಿ ಪೆರ್ದೊನೊ" ಅಂದರು. ಇಷ್ಟು ಭಾನುವಾರವೂ ಕೈ ತೋರಿದ್ದು ಮಗನ ಕಡೆಗಲ್ಲ, ಅವರ ತಲೆಯ ಮೇಲಿನ ಚಾವಣಿಗೆ.

ಚಿಕ್ಕಮ್ಮ, ಭಾರ ಮೊದಲನೆಯದರ ಮೇಲೇ ಇತ್ತು. ಮೊದಲ ಸಲವೂ ನನಗೆ ಹಾಗೇ ಕೇಳಿಸಿತ್ತು. ನಮ್ಮ ಕಿವಿಯ ಚಾಳಿ ಅಂತ ನೀನು ಬರೆದಿದ್ದೆಯಲ್ಲ, ಅದಕ್ಕೇ ನನ್ನ ಕಿವಿಯನ್ನು ಬಿಟ್ಟು ನಿನ್ನ ಮಾತು ನಂಬಿದೆ. ಧ್ವನಿಯನ್ನೂ ಕಳಿಸಿದ್ದೆ. ಒಂದು ಸಲ, ಒಂದೇ ಒಂದು ಸಲ ಕೇಳಿ "ಅಲ್ಲ ಕಣೇ" ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಏಪ್ರಿಲ್ 6

ಮಗಳೇ,

ಹೌದು, ಪೈಪುಗಳು ಸೋರುತ್ತಿವೆ ಎಂದೇ ಅರ್ಥ. ಕಳೆದುಕೊಳ್ಳುವುದಕ್ಕೂ ಸೋರುವುದಕ್ಕೂ ಅವರಲ್ಲಿ ಒಂದೇ ಕ್ರಿಯಾಪದ. ತೂಬಿ ಅಂದರೆ ಪೈಪುಗಳು. ನಮ್ಮ ಕೆರೆಯ ತೂಬಿನ ಹಾಗೆ ಕೇಳುತ್ತದೆ ಎಂದು ಪಾಠದಲ್ಲಿ ನಗಿಸುತ್ತಿದ್ದೆ.

ನೀನು ಕಳಿಸಿದ ಧ್ವನಿ ನನಗೆ ತಲುಪಿತ್ತು. ಫೋನನ್ನು ಕಿವಿಗೆ ಒತ್ತಿದೆ, ಎದೆಗೆ ಒತ್ತಿದೆ, ಮೇಜಿನ ಮೇಲಿಟ್ಟು ಬೆರಳ ತುದಿಯಲ್ಲಿ ಮುಟ್ಟಿದೆ. ಏನೂ ಇಲ್ಲ. ನನಗೆ ಕಿವಿ ಕೇಳುವುದಿಲ್ಲ, ಗುಬ್ಬಚ್ಚಿ. ಎಡಗಿವಿ ಮೊದಲು ಹೋಯಿತು, ಕಳೆದ ವರ್ಷ ಬಲಗಿವಿಯೂ. ಹುಡುಗಿಯೊಬ್ಬಳು ಹಾಡು ಮುಗಿಸಿ ನನ್ನ ಮುಖ ನೋಡುತ್ತಾ ನಿಂತಿದ್ದಳು, ನಾನು ಅವಳು ಶುರು ಮಾಡಲಿ ಎಂದು ಕಾಯುತ್ತಿದ್ದೆ. ಅವತ್ತೇ ಪಾಠ ಬಿಟ್ಟೆ. ನಿನ್ನ ಅಮ್ಮನಿಗೂ ಹೇಳಿಲ್ಲ. ಹೇಳಿದರೆ ಅವಳು ಅಳುತ್ತಾಳೆ, ಅದು ನನಗೆ ಕೇಳಿಸುವುದೂ ಇಲ್ಲ.

ನಿನಗೆ ಹೇಳಬಹುದಿತ್ತು. ಯಾರೋ ನನ್ನನ್ನು ಒಂದು ಪದದ ಬಗ್ಗೆ ಕೇಳಿದರಲ್ಲ ಎಂಬ ಆಸೆಗೆ ಬಾಯಿ ಕಟ್ಟಿಹೋಯಿತು. ಇನ್ನೊಂದು ಕೇಳು. ಆ ಭಾಷೆಯಲ್ಲಿ ಇಂಥ ಜಾಗದಲ್ಲಿ ಒತ್ತು ಬಿದ್ದ ಸ್ವರ ಕೊಂಚ ಎಳೆಯುತ್ತದೆ. ಕ್ಷಮಿಸುತ್ತೇನೆ ಎಂದಿದ್ದರೆ ನಿನ್ನ ಕಿವಿಗೆ "ಪೆರ್ದೋನೊ" ಎಂದು ದೀರ್ಘವಾಗಿ ಕೇಳಬೇಕಿತ್ತು. ನೀನು ಮೊದಲ ಕಾಗದದಲ್ಲೇ ಹ್ರಸ್ವ ಬರೆದಿದ್ದೆ. ಕಿವಿ ಇದ್ದವಳು ಬರೆದಿದ್ದನ್ನು ಕಿವಿ ಇಲ್ಲದವಳು ತಿದ್ದಿದೆ.

ಅವರಿಗೆ ನಿಜ ಹೇಳಿಬಿಡು. ಬೇಕಾದರೆ ತಪ್ಪು ನನ್ನದೆಂದು ಹೇಳು. ನನ್ನ ಮೇಲೆ ಸಿಟ್ಟಿದ್ದರೂ ಕಾಗದ ಮಾತ್ರ ನಿಲ್ಲಿಸಬೇಡ.

ಚಿಕ್ಕಮ್ಮ

ಏಪ್ರಿಲ್ 27

ಚಿಕ್ಕಮ್ಮ,

ಸಿಟ್ಟು ಎಲ್ಲಿ ಉಳಿಯುತ್ತದೆ? ನಿನ್ನ ಕಾಗದ ಹಿಡಿದು ಬಟ್ಟೆ ಒಣಹಾಕುವ ಕೋಣೆಯಲ್ಲಿ ಅತ್ತೆ. ಅಮ್ಮನಿಗೆ ನಾನಾಗಿ ಹೇಳುವುದಿಲ್ಲ. ನೀನೇ ಬರೆ. ಅವಳು ಅಳಲಿ ಬಿಡು, ಅಕ್ಕತಂಗಿಯರು ಮತ್ತೆ ಯಾತಕ್ಕಿರುವುದು?

ಡ್ರೈವರಣ್ಣನಿಗೆ ಹೇಳಲು ನನಗೆ ಎರಡು ಭಾನುವಾರ ಧೈರ್ಯ ಬರಲಿಲ್ಲ. ಮೂರನೆಯ ವಾರ ಅವರೇ ಕೇಳಿದರು: "ಯಾಕೆ ಸಿಸ್ಟರ್, ನನ್ನ ಕಂಡ್ರೆ ಬಾಗಿಲ ಹಿಂದೆ ಹೋಗ್ತೀರಿ?" ಹೇಳಿದೆ. ಪೈಪು, ಗಾರೆ, ಒತ್ತು, ಎಲ್ಲ. ತಪ್ಪು ನಿನ್ನದೆನ್ನಲಿಲ್ಲ, ನಮ್ಮಿಬ್ಬರದು ಅಂದೆ.

ಅವರು ತಮ್ಮ ಸಮವಸ್ತ್ರದ ಗುಂಡಿ ತಿರುಗಿಸಿದರು. ಆಮೇಲೆ, "ಅಂದ್ರೆ ಅಲ್ಲಿ ಕೂರಬೇಡ ಅಂತಿದ್ಲಾ?"

"ಹೂಂ ಅಣ್ಣ."

"ಪೈಪ್ ಸೋರ್ತಿದೆ, ನೋಡು ಅಂತ." ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಇಷ್ಟು ವರ್ಷ ಹೇಳ್ತಿದ್ದಿದ್ದೇ ಅದು ಸಿಸ್ಟರ್. ಬಲ್ಬು, ಬಾಗಿಲು, ಪೈಪು. ನಾನು ಬೇರೆ ಏನೋ ಕೇಳಿಸ್ಕೊಂಡೆ."

ಅಕ್ಕನ ಫೋಟೋದಿಂದ ಅಮ್ಮನಿಗೆ ನೋವು ಕೊಟ್ಟೆನಲ್ಲ ಅಂತ ಬಹಳ ಪರಿತಪಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ಯಾವತ್ತೂ ಅಮ್ಮನ ಕ್ಷಮೆ ಕೇಳಿಲ್ಲ. ಅವಳಾಗೇ ಹೇಳ್ಲಿ ಅಂತ ಕಾದೆ. ಅವಳ ಭಾಷೇಲಿ ಹೇಗೆ ಕೇಳೋದು, ನಿಮ್ಮ ಚಿಕ್ಕಮ್ಮನ ಕೇಳಿ ಹೇಳ್ತೀರಾ?" ಅಂದರು.

ಅಜ್ಜಿ ಸೋಲುತ್ತಿದ್ದಾರೆ. ಬೇಗ ಬರೆ.

ಗುಬ್ಬಚ್ಚಿ

ಮೇ 4

ಗುಬ್ಬಚ್ಚೀ,

ಅವರಿಗೆ ಹೀಗೆ ಹೇಳಿಕೊಡು: ಮಿ ಪೆರ್-ದೋ-ನಿ. ನನ್ನನ್ನು ಕ್ಷಮಿಸುತ್ತೀಯಾ. ತಾಯಿಯನ್ನು ಕೇಳುವಾಗ ಬಹುವಚನ ಬೇಡ. ಕೊನೆಯಲ್ಲಿ ದನಿ ತುಸು ಏರಲಿ. ಭಾರ ನಡುವಿನ ದೋ ಮೇಲೆ, ಅಲ್ಲಿ ಅರೆಗಳಿಗೆ ನಿಲ್ಲಬೇಕು. ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಟ್ಟಿ ಅಭ್ಯಾಸ ಮಾಡಲಿ: ಸಣ್ಣದು, ದೊಡ್ಡದು, ಸಣ್ಣದು. ಮೊದಲನೆಯದಕ್ಕೆ ಗುದ್ದಿದರೆ ಅದು ಯಾವ ಭಾಷೆಯ ಪದವೂ ಅಲ್ಲ.

ನಿನ್ನ ಅಮ್ಮನಿಗೆ ಬರೆದೆ. ಮರುದಿನದ ಬಸ್ಸಿಗೇ ಬಂದು ಕೂತಿದ್ದಾಳೆ. ನನ್ನ ಮುಖದ ಮುಂದೆ ಬಾಯಿ ಅಗಲಿಸಿ ಮಾತಾಡಿ ಮಾತಾಡಿ ಅವಳ ದವಡೆ ನೋಯುತ್ತಿದೆಯಂತೆ.

ಚಿಕ್ಕಮ್ಮ

ಜೂನ್ 1

ಚಿಕ್ಕಮ್ಮ,

ಇವತ್ತು ಕೇಳಿದರು.

ಮೂರು ವಾರ ಅಭ್ಯಾಸ ಮಾಡಿದ್ದರು. ಪ್ರಯಾಣಿಕರು ಡ್ರೈವರ್‌ಗೆ ತಲೆ ಕೆಟ್ಟಿದೆ ಅಂದುಕೊಂಡರಂತೆ. ನನ್ನ ಮುಂದೆ ಸರಿಯಾಗಿಯೇ ಹೇಳುತ್ತಿದ್ದರು. ಆದರೆ ಮಂಚದ ಪಕ್ಕ ಮಂಡಿಯೂರಿ ಅಮ್ಮನ ಕೈ ಹಿಡಿದಾಗ ಎಲ್ಲ ಮರೆತುಹೋಯಿತು. ತಿಂಗಳುಗಟ್ಟಲೆ ಅವರ ಕಿವಿಯಲ್ಲಿ ಇದ್ದದ್ದು ಅಮ್ಮನ ಬಾಯಿಯ "ಪೆರ್ದೊನೊ" ತಾನೇ? ಅದೇ ತಾಳದಲ್ಲಿ ಬಂತು. "ಮಿ ಪೆರ್‌ದೊನಿ?" ಭಾರವೆಲ್ಲ ಪೆರ್ ಮೇಲೆ.

ಅಜ್ಜಿ ಕಣ್ಣು ತೆರೆದರು. ಹುಬ್ಬು ಗಂಟು ಹಾಕಿ ಮಗನನ್ನು ನೋಡಿದರು. ಆಮೇಲೆ ತಲೆಯನ್ನು ದಿಂಬಿನ ಮೇಲೆ ಇಲ್ಲ ಇಲ್ಲ ಅನ್ನುವ ಹಾಗೆ ಆಡಿಸಿದರು. ಡ್ರೈವರಣ್ಣ ಕೈ ಬಿಡಿಸಿಕೊಳ್ಳಲು ಹೋದರು. ಅಜ್ಜಿ ಬಿಡಲಿಲ್ಲ.

"ಪೆರ್ದೋನಿ" ಅಂದರು.

ಅಜ್ಜಿ ಮತ್ತೆ, "ಪೆರ್‌. ದೋ. ನಿ." ದೋ ಬಂದಾಗ ಅವರ ಹೆಬ್ಬೆರಳು ಮಗನ ಅಂಗೈಯನ್ನು ಒತ್ತಿತು. ಆಗ ನನಗೆ ತಿಳಿಯಿತು. ಅವರು ಇಲ್ಲ ಅಂದಿರಲಿಲ್ಲ, ಉಚ್ಚಾರ ತಿದ್ದುತ್ತಿದ್ದರು.

ಡ್ರೈವರಣ್ಣ ಹೇಳಿದರು. ಸರಿ ಬರಲಿಲ್ಲ. ಅಜ್ಜಿ ಮತ್ತೆ ಒತ್ತಿದರು. ಮತ್ತೆ ಹೇಳಿದರು. ಕೊನೆಗೊಮ್ಮೆ ಸರಿಯಾಗಿ ಬಂದಾಗ ಅಜ್ಜಿ ಕಣ್ಣು ಮುಚ್ಚಿಕೊಂಡರು. ಬೇರೇನೂ ಅನ್ನಲಿಲ್ಲ, ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ಕೈ ಮಾತ್ರ ನಿದ್ದೆ ಬರುವವರೆಗೂ ಹಿಡಿದೇ ಇತ್ತು.

ಪಡಸಾಲೆಯಲ್ಲಿ ಅವರು ಕೇಳಿದರು: "ಉತ್ತರ ಏನಂತ ತಿಳ್ಕೊಳ್ಲಿ ಸಿಸ್ಟರ್?"

ಈ ಸಲ ನಾನು ಏನೂ ಹೇಳಲಿಲ್ಲ.

"ಹೋಗ್ಲಿ ಬಿಡಿ" ಅಂದರು. "ನಂಗೂ ಒಂದು ಪದ ಕಲಿಸಿದ್ಲಲ್ಲ."

ಗುಬ್ಬಚ್ಚಿ

ಜೂನ್ 12

ಗುಬ್ಬಚ್ಚೀ,

ನಿನ್ನ ಕಾಗದವನ್ನು ನಿನ್ನ ಅಮ್ಮ ಓದಿ, ನಾನು ಓದಿ, ಮತ್ತೆ ಅವಳು ಓದಿದಳು.

ಒಂದು ಕೇಳುತ್ತೇನೆ, ಬೇಸರಿಸಬೇಡ. ಅವರು ತಿದ್ದಿದಾಗ ದನಿ ಹೇಗಿತ್ತು? ನನಗೆ ಆ ಭಾಷೆ ಇನ್ನು ಯಾರ ಬಾಯಿಂದಲೂ ಕೇಳುವ ಹಾಗಿಲ್ಲ. ಹಳೆಯ ದನಿಗಳೂ ತಲೆಯಲ್ಲಿ ಒಂದೊಂದಾಗಿ ಮಂಕಾಗುತ್ತಿವೆ. ನೀನು ಕೇಳಿಸಿಕೊಂಡ ಹಾಗೆ ಬರೆ. ಈ ಸಲ ನಾನು ತಿದ್ದುವುದಿಲ್ಲ.

ಚಿಕ್ಕಮ್ಮ

ಜುಲೈ 9

ಪ್ರೀತಿಯ ಚಿಕ್ಕಮ್ಮ,

ತಡವಾಯಿತು. ಟೋಪಿ ಅಜ್ಜಿ ಹೋಗಿಬಿಟ್ಟರು. ಮಧ್ಯಾಹ್ನದ ಹೊತ್ತು, ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ನಾನು ತಲೆ ಬಾಚುತ್ತಿದ್ದೆ. ಎರಡನೆಯ ಸಲ ಲಕ್ವ ಹೊಡೆಯಿತು ಅಂದರು ಡಾಕ್ಟರ್. ಡ್ರೈವರಣ್ಣ ಡ್ಯೂಟಿಯಲ್ಲಿದ್ದರು. ಬಸ್ಸನ್ನು ಡಿಪೋಗೆ ಬಿಟ್ಟು ಸಮವಸ್ತ್ರದಲ್ಲೇ ಓಡಿ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. "ಈ ಸಲ ನಾನು ತಡ" ಅಂದರು, ಅಷ್ಟೇ.

ದನಿಯ ಬಗ್ಗೆ ಕೇಳಿದ್ದೆ. ಬರೆಯಲು ಕೂತು ನಾಲ್ಕು ಸಲ ಹರಿದೆ. ಸಣ್ಣ ದನಿ, ಒಣಗಿದ್ದು. ಪೆರ್ ಅನ್ನುವಾಗ ಬರೀ ಗಾಳಿ. ದೋ ಬಂದಾಗ ಒಳಗೆಲ್ಲೋ ಇದ್ದ ಹರೆಯದ ಹೆಂಗಸೊಬ್ಬಳು ಎದ್ದು ಕೂತ ಹಾಗೆ ಗಂಟಲು ತೆರೆಯಿತು. ನಿ ಅನ್ನುವಾಗ ಮತ್ತೆ ಮುದುಕಿ. ಸಿಟ್ಟಿರಲಿಲ್ಲ. ಸರಿ ಹೇಳುವವರೆಗೂ ಬಿಡುವುದಿಲ್ಲ ಅನ್ನುವ ಹಟ ಇತ್ತು. ನೀನು ನನಗೆ ಮಗ್ಗಿ ಹೇಳಿಸುತ್ತಿದ್ದಾಗ ಇರುತ್ತಿತ್ತಲ್ಲ, ಅಂಥದ್ದು.

ಮಗಳ ಪಕ್ಕದಲ್ಲೇ ಅಜ್ಜಿಯನ್ನು ಮಣ್ಣು ಮಾಡಿದರು. ಬಂದಿದ್ದವರು ಹತ್ತು ಜನವೂ ಇಲ್ಲ. ಎಲ್ಲರೂ ಹೊರಟ ಮೇಲೆ ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ. ಡ್ರೈವರಣ್ಣ ಹಸಿ ಮಣ್ಣಿನ ಮುಂದೆ ನಿಂತಿದ್ದರು. ಬಳಿಕ ಪಕ್ಕಕ್ಕೆ ತಿರುಗಿ ಅಕ್ಕನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಲ್ಲಿನ ಮೇಲಿನ ಒಣ ಎಲೆ ತೆಗೆದು ಹಾಕಿದರು. ಅವರು ಹೇಳಿದ್ದು ನನಗೆ ಗೇಟಿನವರೆಗೂ ಕೇಳಿಸಿತು. ಆ ಮೂರು ತುಂಡಿನ ಪದ, ಭಾರ ಬೀಳಬೇಕಾದಲ್ಲೇ ಬಿದ್ದಿತ್ತು.

ಬರುವಾಗ ಬಸ್ಸಿನಲ್ಲಿ ಹೇಳಿದರು: "ಮೆಷಿನ್ ತೆಗೆಸಿದ್ದು ಅಕ್ಕನದ್ದು ಸಿಸ್ಟರ್. ಅವಳನ್ನ ಕೇಳ್ಬೇಕು ಅಂತ ನಂಗೆ ಇವತ್ತಿನವರೆಗೂ ಹೊಳೆದಿರ್ಲಿಲ್ಲ."

ನಿನ್ನ ಗುಬ್ಬಚ್ಚಿ